ರೋಟವೇಟರಿನ ನಡುಕ, ಗೇರಿನ ಸವೆತ: ಗುರುತಿಸುವುದು ಹೇಗೆ?

ಕನ್ನಂಬಾಡಿ ಕಟ್ಟೆಯಿಂದ ನಾಲೆಗೆ ನೀರು ಬಿಟ್ಟರು ಅಂದರೆ ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಎಲ್ಲರಿಗೂ ಒಂದೇ ಸಲ ಗದ್ದೆ ಕೆಸರು ಮಾಡುವ ಅವಸರ. ಒಟ್ಲು ಬೆಳೆದು ನಿಂತಿದೆ, ನಾಟಿಗೆ ಆಳುಗಳು ಗೊತ್ತಾಗಿದ್ದಾರೆ. ಅಂಥ ದಿನ ರೋಟವೇಟರಿನ ಗೇರು ಮುರಿದರೆ ಹೋಗುವುದು ರಿಪೇರಿಯ ದುಡ್ಡು ಮಾತ್ರವಲ್ಲ. ಪೈರಿನ ವಯಸ್ಸು ಮೀರುತ್ತೆ, ನೀರಿನ ಸರದಿ ತಪ್ಪುತ್ತೆ. ಆದರೆ ಗೇರು ಹೇಳದೆ ಕೇಳದೆ ಮುರಿಯುವುದು ಅಪರೂಪ. ಮೊದಲು ನಡುಗುತ್ತೆ, ಸದ್ದು ಮಾಡುತ್ತೆ, ಅದರ ಎಣ್ಣೆಯ ಬಣ್ಣ ಬದಲಾಗುತ್ತೆ. ಈ ಸೂಚನೆಗಳನ್ನು ತಿಳಿಯುವುದು ಹೇಗೆ ಅಂತ ಈ ದಿನ ನೋಡೋಣ.

ಮೊದಲು ಶಕ್ತಿ ಬರುವ ದಾರಿ ತಿಳಿದಿರಬೇಕು. ಟ್ರಾಕ್ಟರಿನ ಹಿಂದಿರುವ ಪಿ.ಟಿ.ಓ. ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಎರಡು ತುದಿಗೂ ಕ್ರಾಸು ಇರುವ ಶಾಫ್ಟು ಆ ತಿರುಗಾಟವನ್ನು ನಡುವಿನ ಗೇರುಪೆಟ್ಟಿಗೆಗೆ ಮುಟ್ಟಿಸುತ್ತೆ. ಅಲ್ಲಿ ಕ್ರೌನು, ಪಿನಿಯನ್ನು ಎಂಬ ಎರಡು ಓರೆಹಲ್ಲಿನ ಗೇರುಗಳು ಅದನ್ನು ಅಡ್ಡಕ್ಕೆ ತಿರುಗಿಸುತ್ತವೆ. ಅಲ್ಲಿಂದ ಪಕ್ಕದ ಗೇರುಪೆಟ್ಟಿಗೆ, ಕೊನೆಗೆ ಬ್ಲೇಡು ಹೊತ್ತ ರೋಟರು. ರೋಟರಿನ ವೇಗ ನಿಮಿಷಕ್ಕೆ 200 ಸುತ್ತಿನ ಆಸುಪಾಸು.

ಪರೀಕ್ಷೆಗೆ ಮುಂಚೆ ಒಂದು ಮಾತು. ಇಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಎತ್ತಿದ ಯಂತ್ರದ ಕೆಳಗೆ ಗಟ್ಟಿ ದಿಮ್ಮಿ ಕೊಡದೆ ಕೈ ಹಾಕಬೇಡಿ. ತಿರುಗುವ ಶಾಫ್ಟಿಗೆ ಪಂಚೆಯ ಚುಂಗು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಮನೆಯವರಿಗೆಲ್ಲ ಇದನ್ನು ಹೇಳಿ. ಶಾಫ್ಟಿನ ಮೇಲಿನ ಕವಚವನ್ನು ತೆಗೆದು ಬಿಸಾಡಬೇಡಿ.

ಈಗ ನಡುಕದ ವಿಚಾರ. ಸೆಕೆಂಡಿಗೆ ಮೂರು ನಾಲ್ಕು ಸಲ, ಎಣಿಸಬಹುದಾದ ಹಾಗೆ ಕುಲುಕುತ್ತಿದ್ದರೆ ದೋಷ ರೋಟರಿನ ಕಡೆ ಇದೆ. ಬ್ಲೇಡು ಮುರಿದಿರಬಹುದು, ಬೋಲ್ಟು ಸಡಿಲವಾಗಿರಬಹುದು, ಹೊಸದು ಹಳೆಯದು ಬೆರಸಿ ಹಾಕಿ ತೂಕ ಹೆಚ್ಚುಕಡಿಮೆ ಆಗಿರಬಹುದು. ಬ್ಲೇಡುಗಳು ರೋಟರಿನ ಸುತ್ತ ಸುರುಳಿಯಾಗಿ, ಒಂದಾದ ಮೇಲೊಂದು ಮಣ್ಣಿಗೆ ಇಳಿಯುವ ಹಾಗೆ ಇರಬೇಕು. ಆ ಕ್ರಮ ತಪ್ಪಿದರೆ ಒಂದೇ ಸಲ ಹಲವು ಬ್ಲೇಡು ನೆಲಕ್ಕೆ ಹೊಡೆದು ಯಂತ್ರ ಕುಣಿಯುತ್ತೆ.

ಎಣಿಸಲಾಗದಷ್ಟು ವೇಗವಾಗಿ ಅದುರುತ್ತಿದ್ದರೆ ಶಾಫ್ಟನ್ನು ನೋಡಿ. ಕ್ರಾಸು ಓರೆಯಾಗಿ ತಿರುಗುವಾಗ ಒಂದೊಂದು ಸುತ್ತಿನಲ್ಲೂ ವೇಗ ಎರಡು ಸಲ ಏರಿ ಎರಡು ಸಲ ಇಳಿಯುತ್ತೆ. ಮುಂದಿನ ಕ್ರಾಸಿನಿಂದ ಬಂದ ಈ ಏರಿಳಿತವನ್ನು ಹಿಂದಿನ ಕ್ರಾಸು ಸರಿದೂಗಿಸಬೇಕು. ಅದಕ್ಕೆ ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಇರಬೇಕು, ಎರಡೂ ಕಡೆಯ ಓರೆ ಸಮನಾಗಿರಬೇಕು. ಶಾಫ್ಟನ್ನು ಬಿಚ್ಚಿ ಜೋಡಿಸುವಾಗ ಕವೆ ಅಡ್ಡಡ್ಡ ಕೂತರೆ ಆ ಏರಿಳಿತವೆಲ್ಲ ಗೇರಿನ ಹಲ್ಲಿಗೆ ಪೆಟ್ಟಾಗಿ ಬೀಳುತ್ತೆ. ಬದುವಿನ ಬಳಿ ತಿರುಗಿಸುವಾಗ ಪಿ.ಟಿ.ಓ. ನಿಲ್ಲಿಸದೆ ಯಂತ್ರವನ್ನು ಎತ್ತರಕ್ಕೆ ಎತ್ತುವುದೂ ಕೆಟ್ಟ ಅಭ್ಯಾಸವೇ. ಕ್ರಾಸಿನ ಬಟ್ಟಲ ಸುತ್ತ ಕಂದು ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸು ಒಣಗಿದೆ ಅಂತ ತಿಳಿಯಿರಿ. ಕೈಯಲ್ಲಿ ಅಲುಗಾಡಿಸಿದಾಗ ಲೊಡಲೊಡ ಅಂದರೆ ಕ್ರಾಸು ಬದಲಿಸಬೇಕು.

ಎಲ್ಲಕ್ಕಿಂತ ಹೆಚ್ಚು ಸಂಗತಿ ಹೇಳುವುದು ಗೇರುಪೆಟ್ಟಿಗೆಯ ಎಣ್ಣೆ. ಕರಾವಳಿಯ ಮೀನುಗಾರರ ದೋಣಿಗೆ ಹಿಂದೆ ತೂಗುಹಾಕುವ ಇಂಜಿನ್ನಿನ ಕೆಳತುದಿಯಲ್ಲೂ ಇಂಥದೇ ಓರೆಹಲ್ಲಿನ ಗೇರು ನೀರಿನೊಳಗೆ ಕೆಲಸ ಮಾಡುತ್ತೆ. ಅಲ್ಲಿಯೂ ಮೊದಲು ನೋಡುವುದು ಎಣ್ಣೆಯ ಬಣ್ಣವನ್ನೇ. ಯಂತ್ರವನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಗ್ಗೆ ತಳದ ಬಿರಡೆಯನ್ನು ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ. ಒಳಗೆ ಸೇರಿದ್ದರೆ ಅದೇ ಮೊದಲು ಬರುತ್ತೆ. ಎಣ್ಣೆ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ನೀರು ಕಲೆತು ಹೋಗಿದೆ. ಕಪ್ಪಾಗಿ ಸುಟ್ಟ ವಾಸನೆ ಇದ್ದರೆ ಅತಿಯಾಗಿ ಕಾದಿದೆ. ಹೊಸ ಯಂತ್ರದ ಮೊದಲ ಎಣ್ಣೆಯಲ್ಲಿ ಮಿರುಗುವ ನುಣ್ಣನೆ ಪುಡಿ ಇರುವುದು ಸಹಜ. ಬೆರಳಿಗೆ ಚುಚ್ಚುವ ಚೂರು, ಅಯಸ್ಕಾಂತಕ್ಕೆ ಅಂಟುವ ಚಕ್ಕೆ ಸಿಕ್ಕರೆ ಹಲ್ಲೋ ಬೇರಿಂಗೋ ಒಡೆಯುತ್ತಿದೆ. ಅಂದೇ ಕೆಲಸ ನಿಲ್ಲಿಸಿ.

ನೀರು ಒಳಗೆ ಹೋಗುವುದು ಹೇಗೆ? ಕೆಲಸದಲ್ಲಿ ಪೆಟ್ಟಿಗೆ ಕಾಯುತ್ತೆ, ಒಳಗಿನ ಗಾಳಿ ಹಿಗ್ಗುತ್ತೆ. ಕಾದ ಯಂತ್ರ ತಣ್ಣನೆಯ ಕೆಸರಿನಲ್ಲಿ ನಿಂತಾಗ ಅದೇ ಗಾಳಿ ಕುಗ್ಗುತ್ತೆ. ಮೇಲಿನ ಗಾಳಿಕಿಂಡಿ ಮಣ್ಣು ಕಟ್ಟಿಕೊಂಡಿದ್ದರೆ, ಸವೆದ ಆಯಿಲ್ ಸೀಲಿನ ಸಂದಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತೆ. ಇನ್ನು ಸೀಲನ್ನು ಕೊಯ್ಯುವುದು ಯಾರು? ಗೊಬ್ಬರದ ಚೀಲದ ದಾರ, ನೈಲಾನ್ ಹಗ್ಗ, ಹುಲ್ಲು. ಇವು ರೋಟರಿನ ತುದಿಗೆ ಬಿಗಿಯಾಗಿ ಸುತ್ತಿಕೊಂಡು ಸೀಲನ್ನು ಕೊರೆಯುತ್ತವೆ. ಸಂಜೆ ಗದ್ದೆಯಿಂದ ಬಂದ ಮೇಲೆ ಕುಡುಗೋಲಿನ ತುದಿಯಿಂದ ಇವನ್ನು ಬಿಡಿಸಿ. ಗಾಳಿಕಿಂಡಿ ಒರೆಸಿ.

ಇನ್ನು ಸದ್ದು. ಭಾರ ಬಿದ್ದಷ್ಟೂ ಏರುವ ‘ಕುಂಯ್’ ಎನ್ನುವ ಕೂಗು ಇದ್ದರೆ ಕ್ರೌನು ಪಿನಿಯನ್ನಿನ ಹೊಂದಾಣಿಕೆ ತಪ್ಪಿರಬಹುದು. ಭಾರವಿಲ್ಲದಾಗಲೂ ‘ಗರಗರ’ ಅಂದರೆ ಬೇರಿಂಗಿನ ಮೇಲೆ ಅನುಮಾನಪಡಿ. ಸುತ್ತಿಗೊಮ್ಮೆ ತಪ್ಪದೆ ‘ಟಕ್’ ಅಂದರೆ ಒಂದು ಹಲ್ಲು ಹೋಗಿರುವ ಸಂಭವ ಹೆಚ್ಚು.

ಪೆಟ್ಟಿಗೆ ಬಿಚ್ಚಿಸಿದಾಗ ನೀವೂ ಪಕ್ಕದಲ್ಲಿ ನಿಂತು ಹಲ್ಲುಗಳನ್ನು ನೋಡಿ. ಉಜ್ಜಿದ ಗುರುತು ಹಲ್ಲಿನ ನಡುಭಾಗದಲ್ಲಿದ್ದರೆ ಸರಿ. ಅಂಚಿನಲ್ಲೇ ಇದ್ದರೆ ಗೇರು ಓರೆಯಾಗಿ ಕೂತಿದೆ. ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಹಲ್ಲು ದಣಿದಿದೆ. ನೀಲಿ ಬಣ್ಣ ಬಂದಿದ್ದರೆ ಎಣ್ಣೆ ಸಾಲದೆ ಕಾದಿದೆ. ಕ್ರೌನು ಪಿನಿಯನ್ನನ್ನು ಜೋಡಿಯಾಗಿಯೇ ಬದಲಿಸಿ. ಹಳೆಯದರ ಜೊತೆ ಹೊಸದು ಹೊಂದುವುದಿಲ್ಲ. ಸೀಲು, ಬೇರಿಂಗು ನೋಡದೆ ಬರೀ ಗೇರು ಹಾಕಿಸಿದರೆ ಹೊಸ ಗೇರೂ ಅದೇ ದಾರಿ ಹಿಡಿಯುತ್ತೆ.

ನಾಗಮಂಗಲದ ಬೆದ್ದಲಿನಲ್ಲಿ, ಕೃಷ್ಣರಾಜಪೇಟೆಯ ನಾಲೆ ಹತ್ತದ ಹೊಲಗಳಲ್ಲಿ ಶತ್ರು ನೀರಲ್ಲ, ಕಲ್ಲು. ಕಲ್ಲಿಗೆ ಬಡಿದಾಗ ಗೇರು ಉಳಿಯಲಿ ಅಂತಲೇ ಕೆಲವು ಶಾಫ್ಟಿನಲ್ಲಿ ತಾನು ಮುರಿದುಕೊಳ್ಳುವ ಮೆದು ಬೋಲ್ಟು ಇಟ್ಟಿರುತ್ತಾರೆ. ಪದೇ ಪದೇ ಮುರಿಯುತ್ತೆ ಅಂತ ಅದರ ಜಾಗಕ್ಕೆ ಗಟ್ಟಿ ಬೋಲ್ಟು ಹಾಕಿದರೆ, ಮುಂದಿನ ಪೆಟ್ಟಿಗೆ ಮುರಿಯುವುದು ಗೇರು. ಗಾಡಿಯ ಕಡಾಣಿ ಉಳಿಸಲು ಅಚ್ಚು ಮುರಿದುಕೊಂಡ ಹಾಗಾಗುತ್ತೆ.

ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ನೆರೆಯವರಿಂದಲೋ ಬಾಡಿಗೆಗೆ ತರುವವರೂ ಎಣ್ಣೆ, ಬ್ಲೇಡು, ಕ್ರಾಸು ಮೂರನ್ನೂ ಅವರ ಎದುರಿಗೇ ನೋಡಿಕೊಳ್ಳಿ. ಆಮೇಲೆ ಮಾತಿಗೆ ಮಾತು ಬೆಳೆಯುವುದಿಲ್ಲ.

ಒಟ್ಟು ಹೇಳುವುದಾದರೆ, ನಿಧಾನದ ಕುಲುಕಿಗೆ ರೋಟರು ನೋಡಿ, ವೇಗದ ಅದುರಿಗೆ ಶಾಫ್ಟು ನೋಡಿ, ಬೆಳ್ಳಗಾದ ಎಣ್ಣೆಗೆ ಸೀಲು ನೋಡಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತರುವ ಕಾಲ ಬರುವವರೆಗೂ ಕಾಯಬೇಡಿ. ನಾಲೆಗೆ ನೀರು ಬರುವ ಮುಂಚೆಯೇ, ಕೊಟ್ಟಿಗೆಯಲ್ಲಿ ನಿಂತಿರುವ ಯಂತ್ರದ ಬಿರಡೆಯನ್ನು ಒಮ್ಮೆ ಸಡಿಲಿಸಿ ನೋಡಿ.