ಗಾಳಿಯ ಕರೆಂಟು, ಹೊಲದ ಕಾಗದ

ಅಕ್ಕಂದಿರೇ, ಕಪ್ಪತಗುಡ್ಡದ ಕಡೆ ಹೋದಾಗ ನೀವು ನೋಡಿರಬೇಕು. ಗುಡ್ಡದ ನೆತ್ತಿಯ ಮೇಲೆ ಎತ್ತರದ ಬಿಳಿ ಕಂಬಗಳು ನಿಂತಿವೆ. ಒಂದೊಂದು ಕಂಬಕ್ಕೂ ಮೂರು ರೆಕ್ಕೆ. ಮಂದಿ ಅದಕ್ಕೆ ಫ್ಯಾನು ಅಂತಾರೆ. ಮನೆಯ ಫ್ಯಾನು ಕರೆಂಟು ತಿಂದು ಗಾಳಿ ಕೊಡುತ್ತದೆ. ಈ ಫ್ಯಾನು ಗಾಳಿ ತಿಂದು ಕರೆಂಟು ಕೊಡುತ್ತದೆ.

ಅದು ಹೇಗೆ? ಹಳೆಯ ಸೈಕಲ್ಲಿನ ಡೈನಮೋ ನೆನಪಿದೆಯಲ್ಲ? ಗಾಲಿ ತಿರುಗಿದರೆ ದೀಪ ಹತ್ತುತ್ತಿತ್ತು. ಇದೂ ಹಾಗೆಯೇ. ಗಾಳಿಗೆ ರೆಕ್ಕೆ ತಿರುಗುತ್ತದೆ. ಕಂಬದ ತುದಿಯಲ್ಲಿರುವ ಯಂತ್ರ ಕರೆಂಟು ಮಾಡುತ್ತದೆ. ಆ ಕರೆಂಟು ತಂತಿಯಲ್ಲಿ ಹರಿದು ದೊಡ್ಡ ಲೈನಿಗೆ ಸೇರುತ್ತದೆ. ಆಷಾಢದ ಗಾಳಿಗೆ ಕರೆಂಟು ಜಾಸ್ತಿ. ಗಾಳಿ ನಿಂತರೆ ರೆಕ್ಕೆಯೂ ನಿಂತಿತು.

ನಮ್ಮ ಓದಿನ ಕೇಂದ್ರದಲ್ಲಿ ಒಬ್ಬಾಕೆ ಕೇಳಿದಳು: "ಅಕ್ಕಾರ, ಈ ಫ್ಯಾನು ಮೋಡ ಓಡಸ್ತಾವಂತ. ಅದಕ್ಕ ನಮ್ಮ ಕಡೆ ಮಳಿ ಇಲ್ಲಂತ. ಖರೇನ್ರೀ?"

ಖರೆ ಅಲ್ಲ. ಮಳೆಯ ಮೋಡ ಬರುವುದು ಸಮುದ್ರದ ಕಡೆಯಿಂದ. ಅದು ಈ ಕಂಬಗಳಿಗಿಂತ ಎಷ್ಟೋ ಮೇಲೆ ಹೋಗುತ್ತದೆ. 1876ರಿಂದ 1878ರವರೆಗೆ ನಮ್ಮ ಸೀಮೆಯಲ್ಲಿ ಭಾರಿ ಬರ ಬಿದ್ದಿತ್ತು. ಆಗ ಗುಡ್ಡದ ಮೇಲೆ ಒಂದು ಫ್ಯಾನೂ ಇರಲಿಲ್ಲ.

ಹಾಗಾದರೆ ಈ ಕರೆಂಟು ಯಾಕೆ ಬೇಕು? ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ಮಾಡುತ್ತಾರೆ. ಕಲ್ಲಿದ್ದಲು ದೂರದಿಂದ ರೈಲಿನಲ್ಲಿ ಬರಬೇಕು. ಅದಕ್ಕೆ ರೊಕ್ಕ ಕೊಡಬೇಕು. ಸುಟ್ಟರೆ ಹೊಗೆ, ಬೂದಿ. ಗಾಳಿಗೆ ಮತ್ತು ಬಿಸಿಲಿಗೆ ಯಾರೂ ರೊಕ್ಕ ಕೇಳುವುದಿಲ್ಲ. ಹೊಗೆಯೂ ಇಲ್ಲ.

ಆದರೆ ಯಂತ್ರ ಊರಲು ಜಾಗ ಬೇಕಲ್ಲ? ಜಾಗ ಅಂದರೆ ಯಾರದೋ ಹೊಲ, ಯಾರದೋ ಕುರಿ ಮೇಯುವ ಬಯಲು. ಅದಕ್ಕೇ ಪಾವಗಡದ ಕಥೆ ಹೇಳುತ್ತೇನೆ.

ಪಾವಗಡ ತುಮಕೂರು ಜಿಲ್ಲೆಯ ಬರಗಾಲದ ತಾಲೂಕು. ಶೇಂಗಾ ಬಿತ್ತಿ, ಮಳೆ ಇಲ್ಲದೆ ಕೈ ಸುಟ್ಟುಕೊಂಡವರು ಬಹಳ. ಎಷ್ಟೋ ಮಂದಿ ಬೆಂಗಳೂರಿಗೆ ದುಡಿಯಲು ಹೋದರು. ಅಲ್ಲಿ ತಿರುಮಣಿ, ವಳ್ಳೂರು ಮೊದಲಾದ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಬಿಸಿಲಿನ ಕರೆಂಟು ಮಾಡುವ ಹಲಗೆ ಹಾಕಿದರು. 2018ರಲ್ಲಿ ಕರೆಂಟು ಶುರುವಾಯಿತು. ಹೊಲ ಮಾರಿಸಲಿಲ್ಲ, ಬಾಡಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. 4 ಎಕರೆ ಕೊಟ್ಟವರಿಗೆ ಮೊದಲ ವರ್ಷ ಎಷ್ಟಾಯಿತು? ನೀವೇ ಲೆಕ್ಕ ಮಾಡಿ. 84,000 ರೂಪಾಯಿ. ಮಳೆ ಬರಲಿ, ಬಿಡಲಿ.

ಹೊಲ ಇದ್ದವರಿಗೆ ಇದು ಆಸರೆಯಾಯಿತು. ಹೊಲ ಇಲ್ಲದವರಿಗೆ? ಕಳೆ ತೆಗೆಯುವ ಕೂಲಿ, ಶೇಂಗಾ ಕೀಳುವ ಕೂಲಿ ಹೋಯಿತು. ಆ ಕೂಲಿ ಮಾಡುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹಲಗೆ ತೊಳೆಯುವ, ಹುಲ್ಲು ಕೊಯ್ಯುವ ಕೆಲಸ ಕೆಲವರಿಗೆ ಸಿಕ್ಕಿತು, ಎಲ್ಲರಿಗೂ ಸಿಗಲಿಲ್ಲ. ಮೇಯುವ ಜಾಗಕ್ಕೆ ಬೇಲಿ ಬಿದ್ದು ಕೆಲವರು ಕುರಿ ಮಾರಿದರು. ಬಾಡಿಗೆಯಲ್ಲಿ ಇವರಿಗೆ ಪಾಲಿಲ್ಲ. ಒಂದೇ ಊರು, ಒಂದೇ ಬಿಸಿಲು. ಇದು ನನಗೆ ಸರಿ ಕಾಣುವುದಿಲ್ಲ.

ಗಾಳಿಯ ಫ್ಯಾನಿಗೆ ಇಷ್ಟು ಜಾಗ ಬೇಡ. ಕಂಬದ ಬುಡಕ್ಕೆ ಸ್ವಲ್ಪ, ದಾರಿಗೆ ಸ್ವಲ್ಪ. ಉಳಿದ ಹೊಲದಲ್ಲಿ ಜೋಳ, ಕಡಲೆ ಬಿತ್ತಬಹುದು. ಕೂಲಿಯೂ ಉಳಿಯುತ್ತದೆ. ಆದರೂ ನಿಮ್ಮ ಹೊಲ ಕೇಳಿಕೊಂಡು ಯಾರಾದರೂ ಬಂದರೆ ಹೆಬ್ಬೆಟ್ಟು ಒತ್ತುವ ಅವಸರ ಬೇಡ. ಈಗ ನಿಮಗೆ ಓದಲು ಬರುತ್ತದೆ. ಕಾಗದ ಕೈಗೆ ತಗೊಳ್ರಿ. ಖರೀದಿಯೋ, ಬಾಡಿಗೆಯೋ ನೋಡ್ರಿ. ಎರಡೂ ಬೇರೆ ಬೇರೆ. ಖರೀದಿ ಅಂತ ಬರೆದಿದ್ದರೆ ಹೊಲ ಮತ್ತೆ ನಿಮ್ಮದಲ್ಲ. ಮುದ್ದತ್ತು ಮುಗಿದ ಮೇಲೆ ಕಂಬ ಕಿತ್ತು ಹೊಲ ಹದ ಮಾಡಿ ಕೊಡುವವರು ಯಾರು? ಇದನ್ನೂ ಕೇಳ್ರಿ.

ಉತಾರದಲ್ಲಿ ಯಾರ ಹೆಸರಿದೆ ಅನ್ನುವುದನ್ನು ಮೊದಲು ನೋಡಬೇಕು. ಬಾಡಿಗೆ ಹೋಗುವುದು ಅವರ ಖಾತೆಗೆ. 2005ರ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಹೊಲದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಹಕ್ಕಿದ್ದರೂ ಉತಾರದಲ್ಲಿ ಹೆಸರಿಲ್ಲದ ಅಕ್ಕತಂಗಿಯರು ನಮ್ಮಲ್ಲಿ ಎಷ್ಟು ಮಂದಿ!

ಇನ್ನೊಂದು ಮಾತು. ಪಾವಗಡದ ಬಾಡಿಗೆ ಕರಾರು 28 ವರ್ಷದ್ದು. ಅಂಥ ಕಾಗದಕ್ಕೆ ಇವತ್ತು ಸಹಿ ಹಾಕಿದರೆ, ಹತ್ತು ವರ್ಷದ ನಿಮ್ಮ ಮಗಳಿಗೆ ಹೊಲ ಬಿಡುಗಡೆಯಾಗುವ ಹೊತ್ತಿಗೆ ಮೂವತ್ತೆಂಟು ತುಂಬಿರುತ್ತದೆ. ಸಹಿ ಹಾಕುವ ಮುಂಚೆ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಓದ್ರಿ.