ಆಫೀಸಿಗೆ ಬರಲು ಯಾಕೆ ಹಿಂದೇಟು? ದಾದರ್ ಸ್ಟೇಷನ್ ನೋಡಿದರೆ ಗೊತ್ತಾಗುತ್ತೆ!

ಮುಂಬೈ: ವರ್ಕ್ ಫ್ರಂ ಹೋಮ್ ಮುಗಿಯಿತು, ಆಫೀಸಿಗೆ ಬನ್ನಿ ಎಂದರೆ ಉದ್ಯೋಗಿಗಳು ಹಿಂದೇಟು ಹಾಕುವುದೇಕೆ? ಸೋಮಾರಿತನ ಎನ್ನುವ ಮ್ಯಾನೇಜರ್‌ಗಳು ಬೆಳಗ್ಗೆ 9 ಗಂಟೆಗೆ ದಾದರ್ ಸ್ಟೇಷನ್‌ನಲ್ಲಿ ಒಮ್ಮೆ ನಿಂತು ನೋಡಬೇಕು. ಪಶ್ಚಿಮ ಮತ್ತು ಮಧ್ಯ ರೈಲ್ವೆ ಮಾರ್ಗಗಳು ಸೇರುವುದು ಇಲ್ಲೇ. ವಿರಾರ್ ಕಡೆಯಿಂದ ಬಂದವರು, ಕಲ್ಯಾಣ್ ಕಡೆಯಿಂದ ಬಂದವರು ಬ್ರಿಡ್ಜ್ ಹತ್ತಿ ಇಳಿದು ಇನ್ನೊಂದು ಲೋಕಲ್‌ಗೆ ನುಗ್ಗುತ್ತಾರೆ. ಸಂಜೆ ಮತ್ತೆ ಅದೇ ಪಾಡು.

ಮುಂಬೈನಲ್ಲೇ ಪ್ರಧಾನ ಕಚೇರಿ ಇರುವ ಟಿಸಿಎಸ್, 2025ರ ವೇಳೆಗೆ ಶೇ. 25ರಷ್ಟು ಸಿಬ್ಬಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿತ್ತು. ಆದರೆ 2023ರ ಅಕ್ಟೋಬರ್‌ನಿಂದ ವಾರಕ್ಕೆ 5 ದಿನ ಬರಲು ಸೂಚಿಸಿತು. 2024ರಲ್ಲಿ ವೇರಿಯೆಬಲ್ ಪೇಯನ್ನೂ ಹಾಜರಾತಿಗೆ ಜೋಡಿಸಿತು. ಹಣಕ್ಕೆ ಕತ್ತರಿ ಬೀಳುತ್ತದೆ ಎಂದರೆ ಜನ ಬರುತ್ತಾರೆ, ನಿಜ. ರೈಲಿನ ನೂಕುನುಗ್ಗಲು ಮಾತ್ರ ಹಾಗೇ ಇರುತ್ತದೆ.

ಇದಕ್ಕಿಂತ ಉಪಯೋಗದ ದಾರಿ ಹಿಡಿದಿದ್ದು ಮಧ್ಯ ರೈಲ್ವೆ. 2023ರ ನವೆಂಬರ್ 1ರಿಂದ ಮುಂಬೈ ವಿಭಾಗದ ಕಚೇರಿ ಸಿಬ್ಬಂದಿಗೆ ಬೆಳಗ್ಗೆ 9.30ರಿಂದ ಸಂಜೆ 5.45, ಇಲ್ಲವೇ 11.30ರಿಂದ ರಾತ್ರಿ 7.45 ಎಂದು ಎರಡು ಸಮಯ ನಿಗದಿ ಮಾಡಿತು. ಕೆಲಸದ ಸಮಯ ಬದಲಿಸುವಂತೆ ನಗರದ ಇತರ ಸಂಸ್ಥೆಗಳಿಗೂ ಪತ್ರ ಬರೆಯಿತು. ಖಾಸಗಿ ಕಂಪನಿಯ ಮ್ಯಾನೇಜರ್ ಕೂಡ ಇದನ್ನು ಮಾಡಬಹುದು: ಯಾರು ಎಲ್ಲಿಂದ, ಯಾವ ಲೋಕಲ್‌ನಲ್ಲಿ ಬರುತ್ತಾರೆ ಎಂದು ಮೊದಲು ಕೇಳಿ, ಆಮೇಲೆ ಶಿಫ್ಟ್ ಹಾಕಬಹುದು.