ಚಿನ್ನದ ಹಾಳೆಯಿಂದ ಹಿಂದಿರುಗಿದ ಕಣ

‘ಪರಮಾಣು ಮಾದರಿಗಳ ಬಗ್ಗೆ ಟಿಪ್ಪಣಿ ಬರೆಯಿರಿ’ ಎಂಬ ಪ್ರಶ್ನೆ ಪರೀಕ್ಷೆ ಬರೆದವರಿಗೆಲ್ಲ ಪರಿಚಿತ. ಡಾಲ್ಟನ್, ಥಾಮ್ಸನ್, ರುದರ್‌ಫೋರ್ಡ್, ಬೋರ್ ಎಂದು ಮಕ್ಕಳು ಹೆಸರು, ಇಸವಿಗಳನ್ನು ಉರು ಹೊಡೆಯುತ್ತಾರೆ. ಒಂದು ಮಾದರಿಯನ್ನು ಬಿಟ್ಟು ಇನ್ನೊಂದನ್ನು ಹಿಡಿದದ್ದು ಏಕೆ ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಸ್ವಾರಸ್ಯವಿರುವುದೇ ಅಲ್ಲಿ.

ಪರಮಾಣುವನ್ನು ಒಡೆಯಲಾಗದು ಎಂಬ ಡಾಲ್ಟನ್‌ರ ಮಾತು 19ನೇ ಶತಮಾನದುದ್ದಕ್ಕೂ ನಡೆಯಿತು. 1897ರಲ್ಲಿ ಕೇಂಬ್ರಿಜ್‌ನ ಜೆ.ಜೆ. ಥಾಮ್ಸನ್ ಅದಕ್ಕಿಂತ ಬಹಳ ಹಗುರವಾದ ಎಲೆಕ್ಟ್ರಾನನ್ನು ಕಂಡುಹಿಡಿದರು. ಕಲ್ಲಂಗಡಿ ಹಣ್ಣಿನಲ್ಲಿ ಬೀಜಗಳಿರುವಂತೆ, ಧನ ವಿದ್ಯುತ್ತಿನ ಮುದ್ದೆಯಲ್ಲಿ ಎಲೆಕ್ಟ್ರಾನುಗಳು ಹುದುಗಿವೆ ಎಂಬುದು ಅವರ ಕಲ್ಪನೆ.

ಅದು ಸರಿಯೇ? 1909ರಲ್ಲಿ ಮ್ಯಾಂಚೆಸ್ಟರಿನಲ್ಲಿದ್ದ ರುದರ್‌ಫೋರ್ಡ್ (ಇವರು ಥಾಮ್ಸನ್‌ರ ಶಿಷ್ಯರೇ) ಇಪ್ಪತ್ತು ವರ್ಷದ ವಿದ್ಯಾರ್ಥಿ ಅರ್ನೆಸ್ಟ್ ಮಾರ್ಸ್‌ಡೆನ್‌ಗೆ ಒಂದು ಕೆಲಸ ಕೊಟ್ಟರು: ಲೋಹದ ತೆಳು ಹಾಳೆಗೆ ಆಲ್ಫಾ ಕಣಗಳನ್ನು ಹಾಯಿಸು, ಯಾವುದಾದರೂ ಹಿಂದಕ್ಕೆ ಬರುತ್ತದೆಯೇ ನೋಡು. ಬರುತ್ತದೆಂಬ ನಂಬಿಕೆ ರುದರ್‌ಫೋರ್ಡರಿಗೇ ಇರಲಿಲ್ಲ. ಆಲ್ಫಾ ಕಣ ಎಲೆಕ್ಟ್ರಾನಿಗಿಂತ ಏಳು ಸಾವಿರ ಪಟ್ಟು ಭಾರ. ಕಲ್ಲಂಗಡಿಯ ಮೆತ್ತನೆ ತಿರುಳು ಅದನ್ನು ತಡೆದೀತೇ?

ಕಣ ಬಿದ್ದಾಗ ಪರದೆಯ ಮೇಲೆ ಮಿಣುಕು ಹೊಳೆಯುತ್ತದೆ. ಕತ್ತಲೆಯಲ್ಲಿ ಕುಳಿತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಅದನ್ನು ಎಣಿಸಬೇಕು. ಈ ಎಣಿಕೆಯಲ್ಲಿ ಗೈಗರ್ ಎಂಬ ಸಹಾಯಕ ನಿಸ್ಸೀಮ. ತಾವಾದರೋ ಎರಡೇ ನಿಮಿಷಕ್ಕೆ ಶಪಿಸುತ್ತ ಎದ್ದುಬಿಟ್ಟುದಾಗಿ ರುದರ್‌ಫೋರ್ಡ್ ಪತ್ರವೊಂದರಲ್ಲಿ ಬರೆದಿದ್ದಾರೆ! ಗೈಗರ್ ಜತೆ ಮಾರ್ಸ್‌ಡೆನ್ ಕುಳಿತು ನೋಡಿದರೆ, ಕಣಗಳು ನಿಜಕ್ಕೂ ಹಿಂದಿರುಗುತ್ತಿದ್ದವು. ಚಿನ್ನ ಮಾತ್ರವಲ್ಲ, ಬೇರೆ ಲೋಹಗಳಿಂದಲೂ. ಪ್ಲಾಟಿನಮ್‌ನಲ್ಲಿ ಸುಮಾರು 8,000 ಕಣಗಳಿಗೆ ಒಂದು.

ಒಂದೇ ಒಂದು ತಾನೇ ಎಂದು ಬಿಡಬಹುದಿತ್ತು. ರುದರ್‌ಫೋರ್ಡ್ ಬಿಡಲಿಲ್ಲ. ಎರಡು ವರ್ಷ ಯೋಚಿಸಿ, ಲೆಕ್ಕ ಹಾಕಿ, 1911ರಲ್ಲಿ ಉತ್ತರ ಕೊಟ್ಟರು: ಪರಮಾಣುವಿನ ತೂಕವೆಲ್ಲ ನಡುವಿನ ಅತಿ ಪುಟ್ಟ ಬೀಜಕೇಂದ್ರದಲ್ಲಿದೆ. ಚಿನ್ನದ ಪರಮಾಣು ಕ್ರಿಕೆಟ್ ಮೈದಾನದಷ್ಟಿದ್ದರೆ ಬೀಜಕೇಂದ್ರ ನಡುವೆ ಇಟ್ಟ ಕಡಲೆಕಾಳು. ಉಳಿದದ್ದು ಬಯಲು. ಅದಕ್ಕೇ ಹೆಚ್ಚಿನ ಕಣಗಳು ಸಲೀಸಾಗಿ ಹಾದುಹೋದದ್ದು.

ಇದರಲ್ಲೂ ತೊಡಕಿತ್ತು. ಸುತ್ತುವ ಎಲೆಕ್ಟ್ರಾನ್ ಶಕ್ತಿ ಕಳೆದುಕೊಂಡು ಕ್ಷಣಾರ್ಧದಲ್ಲಿ ಒಳಗೆ ಬೀಳಬೇಕಲ್ಲ? ಗೊತ್ತಾದ ಕಕ್ಷೆಗಳಲ್ಲಿ ಅದು ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದು 1913ರಲ್ಲಿ ಬೋರ್ ನಿಯಮ ಹಾಕಿದರು. ಹೈಡ್ರೋಜನ್‌ಗೆ ಅದು ಒಪ್ಪಿತು. ಹೆಚ್ಚು ಎಲೆಕ್ಟ್ರಾನುಗಳಿರುವ ಪರಮಾಣುಗಳಿಗೆ ಒಪ್ಪಲಿಲ್ಲ. 1926ರಲ್ಲಿ ಶ್ರೋಡಿಂಗರ್ ಸಮೀಕರಣ ಬಂದ ಮೇಲೆ ಕಕ್ಷೆಗಳೇ ಮಾಯವಾದವು. ಎಲೆಕ್ಟ್ರಾನ್ ಎಲ್ಲಿರಬಹುದು ಎಂಬ ಸಂಭವವನ್ನಷ್ಟೇ ಹೇಳಬಹುದು. ಸೂರ್ಯನ ಸುತ್ತ ಗ್ರಹಗಳಂತೆ ಎಲೆಕ್ಟ್ರಾನುಗಳಿರುವ ಚಿತ್ರ ಮಾತ್ರ ಇಂದಿಗೂ ಶಾಲೆಯ ಗೋಡೆ ಬಿಟ್ಟಿಳಿದಿಲ್ಲ.

ಎಲೆಕ್ಟ್ರಾನ್ ಕಣವೆಂದು ತೋರಿಸಿದ ಥಾಮ್ಸನ್‌ಗೆ 1906ರಲ್ಲಿ ನೊಬೆಲ್ ಬಂದಿತ್ತು. ಅದು ಅಲೆಯಂತೆಯೂ ವರ್ತಿಸುತ್ತದೆ ಎಂದು ತೋರಿಸಿ 1937ರಲ್ಲಿ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು ಜಾರ್ಜ್ ಥಾಮ್ಸನ್, ಅವರ ಸ್ವಂತ ಮಗ. ಅದನ್ನು ನೋಡಲು ತಂದೆ ಬದುಕಿದ್ದರು.